ಪ್ರಶ್ನೆ ಹದಿನಾಲ್ಕು

ಒಮಾಹಾದಲ್ಲಿ, ಬಾಗಿಲು ಮುಚ್ಚಿದ ಬೂಟಿನಂಗಡಿಯ ಮೇಲಿನ ಮಹಡಿ.
ಹದಿನೆಂಟು ಮೇಜು, ಹದಿನೆಂಟು ಫೋನು,
ಕಿವಿಗೆ ಯಾರದೋ ಬೆವರು ಕುಡಿದ ಸ್ಪಂಜು.
ಡಿಸೆಂಬರಿನ ತನಕ ಕೇಳುತ್ತಿದ್ದೆವು,
ಬೆಳಗಿನ ತಿಂಡಿಗೆ ಯಾವ ಡಬ್ಬ,
ಒಣದ್ರಾಕ್ಷಿ ಸಾಕೆ, ಇನ್ನಷ್ಟು ಬೇಕೆ.
ಜನವರಿಯಲ್ಲಿ ಯುದ್ಧ ಬಂತು.
ಅದೇ ಮೇಜು. ಗಂಟೆಗೆ ಅದೇ ಏಳೂವರೆ ಡಾಲರು.

ಸೋಮವಾರ ಸ್ಟಾಸ್ನಿ ಹಾಳೆ ಹಂಚುತ್ತಾನೆ,
ಯಂತ್ರದಿಂದ ಆಗಷ್ಟೇ ಇಳಿದದ್ದು, ಕೈಗೆ ಬೆಚ್ಚಗೆ.
“ಇದ್ದ ಹಾಗೆ ಓದಿ. ಒಂದಕ್ಷರ ಆಚೀಚೆ ಆಗಕೂಡದು.
ಯಾರ ಪರವಾಗಿ ಅಂದರೆ, ರಾಜಧಾನಿಯ ಒಂದು ಸಂಸ್ಥೆ ಅನ್ನಿ.”
ಆ ಸಂಸ್ಥೆಯ ಚೆಕ್ಕು ಯಾವ ಇಲಾಖೆಯಿಂದ ಹೊರಡುತ್ತದೆಂದು
ಅವನಿಗೂ ಗೊತ್ತಿಲ್ಲ,
ಅಥವಾ ಗೊತ್ತು.

ಮೊದಲ ವಾರ ಪ್ರಶ್ನೆ ಹದಿನಾಲ್ಕು ಹೀಗಿತ್ತು:
ಆ ದೇಶದ ಬಳಿ ಘೋರ ಅಸ್ತ್ರಗಳು ಇದ್ದರೆ
ನಾವು ಕ್ರಮ ಕೈಗೊಳ್ಳುವುದು ಸರಿಯೆ?
ಎರಡನೇ ವಾರ:
ಘೋರ ಅಸ್ತ್ರಗಳು ಇರುವುದರಿಂದ.
ಅಷ್ಟೆ. ಆ ಪುಟ್ಟ ‘ರೆ’
ಶನಿವಾರ ಭಾನುವಾರದ ನಡುವೆ ಎಲ್ಲೋ ಜಾರಿ ಬಿದ್ದಿತ್ತು.
ಮೇಜಿನ ಕೆಳಗೆ ಬಗ್ಗಿ ಹುಡುಕಿದೆ, ತಮಾಷೆಗೆ.
ಪಕ್ಕದ ನೋರೀನ್ ನಗಲಿಲ್ಲ.
ಅವಳ ತಮ್ಮ ಆಗಲೇ ಹಡಗು ಹತ್ತಿದ್ದ.

ಮೂರನೇ ವಾರ ಅಸ್ತ್ರಗಳು ಹಿಂದೆ ಸರಿದು
ಓಟು ಕಾಣದ ತಾಯಂದಿರು ಮುಂದೆ ಬಂದರು.
ನಾಲ್ಕನೆಯದರಲ್ಲಿ ಅವರೂ ಇಲ್ಲ:
ಈಗಾಗಲೇ ಹೊರಟ ನಮ್ಮ ಹುಡುಗರಿಗೆ
ನಿಮ್ಮ ಬೆಂಬಲ ಇದೆಯೆ?
ಇಲ್ಲ ಅನ್ನುವುದು ಹೇಗೆ ಅದಕ್ಕೆ, ನೋರೀನ್ ಎದುರಿಗೆ?

ಎಣ್ಣೆ ಅನ್ನುವ ಮಾತು ಯಾವ ವಾರವೂ ಹಾಳೆಯಲ್ಲಿರಲಿಲ್ಲ.
ಜನ ತಾವಾಗಿ ಅಂದರೆ, ಅದಕ್ಕೊಂದು ಚೌಕವೂ ಇರಲಿಲ್ಲ.
ಕರ್ನಿಯ ಪೆಟ್ರೋಲ್ ಬಂಕಿನವನೊಬ್ಬ ಹತ್ತು ನಿಮಿಷ ಹೇಳಿದ,
ನಾನು ‘ಗೊತ್ತಿಲ್ಲ’ಕ್ಕೆ ಗೀಟು ಎಳೆದೆ.
ಗೊತ್ತಿಲ್ಲದವರನ್ನು ಲೆಕ್ಕದಿಂದ ಬಿಡುವುದು ಅಲ್ಲಿನ ಪದ್ಧತಿ.

ವ್ಯಾಲೆಂಟೈನ್ ಊರಿನ ಮುದುಕ, ಆಲ್ಬಿನ್ ಡ್ವೊರಾಚೆಕ್,
ಪೂರ್ತಿ ಕೇಳಿಸಿಕೊಂಡು ಕೆಮ್ಮಿದ.
“ನೀನು ಕೇಳ್ತಿರೋದು ಪ್ರಶ್ನೆ ಅಲ್ಲ ತಾಯಿ,
ಹೊಲಿದಿಟ್ಟ ಅಂಗಿ. ತೋಳು ತೂರಿಸಿ ಅಂತೀಯ.”
ಆಮೇಲೆ ಅಂದ:
“ನಮ್ಮಣ್ಣ ಕೊರಿಯಾದಿಂದ ಬರಲಿಲ್ಲ.
ಏನೋ ಕಾರಣ ಹೇಳಿದ್ದರು, ದೊಡ್ಡ ಪದ, ಈಗ ಮರೆತೆ.
ಅವನ ಬೂಟಿನ ಅಳತೆ ನೆನಪಿದೆ. ಹತ್ತೂವರೆ.
ಬರಕೋ, ಜಾಗ ಇದ್ದರೆ.”
ಜಾಗ ಇರಲಿಲ್ಲ.

ಆ ಗುರುವಾರ ರಾತ್ರಿ ಟೀವಿಯಲ್ಲಿ
ನೀಲಿ ಟೈ ಕಟ್ಟಿದವ ಹೇಳಿದ, ಜನರ ದನಿ ಸ್ಪಷ್ಟವಾಗಿದೆ,
ನೂರಕ್ಕೆ ಅರವತ್ತೆಂಟು.
ಕೋಸು ಹೆಚ್ಚುತ್ತಿದ್ದೆ, ಕೈ ನಿಂತಿತು.
ಅದರಲ್ಲಿ ಎಷ್ಟೋ ಸಲ ನನ್ನದೇ ದನಿ,
ನಾನೇ ಕೇಳಿ ನಾನೇ ಹೊತ್ತು ತಂದದ್ದು.
ಸರ್ಕಾರ ಅದನ್ನು ಜನ ಅಂದಿತು,
ಜನ ಅಂದದ್ದಕ್ಕೆ ತಲೆಬಾಗಿದೆ ಅಂದಿತು.

ಇದಿಷ್ಟನ್ನೇ ಬರೆದಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ.
ಆದರೆ ಫೆಬ್ರವರಿಯಲ್ಲಿ, ಪಾತ್ರೆ ತೊಳೆಯುವ ಹೊತ್ತಿಗೆ
ನನಗೇ ಕರೆ ಬಂತು.
ಬೇರೆ ಕಂಪನಿ, ಬೇರೆ ರಾಜ್ಯ,
ನೆಗಡಿ ಹಿಡಿದ ಹುಡುಗಿಯ ಕಂಠ.
ಅವರಲ್ಲಿ ಅದು ಪ್ರಶ್ನೆ ಒಂಬತ್ತು.
ಹೊಲಿಗೆ ಹೊಲಿಗೆಯೂ ಗೊತ್ತಿತ್ತು ನನಗೆ,
ಎಲ್ಲಿ ಗುಂಡಿ, ಎಲ್ಲಿ ಮಡಿಕೆ.
ಅವಳು ಮುಗಿಸುವ ಮೊದಲೇ ಅಂದೆ: ಹೌದು.
“ಬಲವಾಗಿ ಹೌದೊ, ಸ್ವಲ್ಪ ಹೌದೊ?”
ಬಲವಾಗಿ.
ಪಾಪ, ಗಂಟೆ ಎಂಟೂಮುಕ್ಕಾಲು,
ಇನ್ನೆಷ್ಟು ಹಾಳೆ ಬಾಕಿಯೋ ಅವಳಿಗೆ ಅನಿಸಿತ್ತು.
ಇಷ್ಟೇ ನನ್ನ ಕಾರಣ. ಬೇರೆ ಹುಡುಕಿದೆ, ಸಿಗಲಿಲ್ಲ.

ಮೊದಲ ವಾರದ ಹಾಳೆಯೊಂದನ್ನು ಕದ್ದು ತಂದಿದ್ದೇನೆ,
ಅಡಿಗೆಯ ಚೀಟಿಗಳ ತಗಡಿನ ಡಬ್ಬದಲ್ಲಿ,
ಸೇಬಿನ ಕಡುಬಿನ ಹಿಂದೆ.
ಒಮ್ಮೊಮ್ಮೆ ತೆಗೆದು ಆ ಒಂದು ಪದವನ್ನು ಓದುತ್ತೇನೆ,
ತುಟಿ ಅಲ್ಲಾಡುವಷ್ಟೆ.
ಇದ್ದರೆ.
ನೋರೀನಳ ಮೇಜಿನಲ್ಲಿ ಈಗ ಹೊಸ ಹುಡುಗಿ.
ಹಾಳೆಯಲ್ಲಿ ಮತ್ತೆ ಒಣದ್ರಾಕ್ಷಿ.